ಪೆಪೆರೋನಿ ಕೇಳಿದರೆ ಬರುವುದು ಡೊಣ್ಣಮೆಣಸಿನಕಾಯಿ

ಇಟಲಿ ಪ್ರವಾಸದ ಊಟದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಜ್ಜಾ ಮತ್ತು ಅಲ್ಲಿನ ಸಣ್ಣ ಬ್ರೂವರಿಗಳ ಬಿಯರ್ ಕುರಿತೇ ಇವೆ. ಎಂಟನ್ನು ಆರಿಸಿಕೊಂಡಿದ್ದೇವೆ. ನಮ್ಮ ಕಡೆಯವರು ಅಲ್ಲಿ ಎಡವುವುದು ಬಹಳ ಮಟ್ಟಿಗೆ ಮೆನುವಿನ ಹೆಸರುಗಳಲ್ಲೇ. ಆದ್ದರಿಂದ ಹೆಸರುಗಳ ಕಡೆ ಹೆಚ್ಚು ಲಕ್ಷ್ಯ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ಐದು ಮಂದಿ ಅಕ್ಟೋಬರ್‌ದಾಗ ರೋಮ್, ನೇಪಲ್ಸ್‌ಗೆ ಹೊಂಟೇವಿ. ಎಲ್ಲಾರೂ ಶಾಖಾಹಾರಿ. ಅವ್ವ ಉಳ್ಳಾಗಡ್ಡಿ, ಬಳ್ಳೊಳ್ಳಿನೂ ತಿನ್ನಂಗಿಲ್ಲ. ಪಿಜ್ಜಾ ಊರದು, ಊಟಕ್ಕೇನ ಚಿಂತಿಲ್ಲ ಅಂತ ಟ್ರಾವೆಲ್ಸ್‌ನವ್ರು ಅಂತಾರ. ಖರೇನ?
— ವಿದ್ಯಾನಗರ, ಹುಬ್ಬಳ್ಳಿ

ಅರ್ಧ ಖರೆ. ಹೊಟ್ಟೆ ತುಂಬುವುದಕ್ಕೆ ಚಿಂತೆಯಿಲ್ಲ, ಆದರೆ ಹೆಸರು ನೋಡಿ ಆರ್ಡರ್ ಮಾಡಿದರೆ ಪೇಚು ತಪ್ಪದು.

ಮೊದಲು ಮಾರಿನಾರಾ. ಹೆಸರಲ್ಲಿ ಸಮುದ್ರದ ವಾಸನೆ ಇದ್ದರೂ ಅದರಲ್ಲಿ ಮೀನಿಲ್ಲ. ಟೊಮೆಟೊ, ಬಳ್ಳೊಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಇಷ್ಟೇ. ಚೀಸ್ ಕೂಡ ಇಲ್ಲ. ನಿಮ್ಮ ಅವ್ವನವರಿಗೆ ಇದನ್ನೇ ‘ಸೆನ್ಸಾ ಆಲ್ಯೊ’, ಅಂದರೆ ಬಳ್ಳೊಳ್ಳಿ ಇಲ್ಲದೆ, ಎಂದು ಕೇಳಿ. ಮಾರ್ಗೆರೀತಾ ಕೂಡ ಆಗುತ್ತದೆ. ನೇಪಲ್ಸ್‌ನ ಪದ್ಧತಿಯಲ್ಲಿ ಅದರ ಸಾಸ್ ಎಂದರೆ ಹಿಚುಕಿದ ಟೊಮೆಟೊ ಮತ್ತು ಉಪ್ಪು. ಕುದಿಸುವುದಿಲ್ಲ, ಉಳ್ಳಾಗಡ್ಡಿ ಒಗ್ಗರಣೆಯೂ ಇಲ್ಲ.

‘ಪೆಪೆರೋನಿ’ ಎಂದು ಕಂಡರೆ ಹೆದರಬೇಡಿ. ಇಟಲಿಯ ಭಾಷೆಯಲ್ಲಿ ಅದು ಡೊಣ್ಣಮೆಣಸಿನಕಾಯಿ. ನಮ್ಮಲ್ಲಿ ಆ ಹೆಸರಿನಲ್ಲಿ ಬರುವ ಮಾಂಸದ ಬಿಲ್ಲೆ ಅಮೆರಿಕದವರ ಕೈಚಳಕ. ಹಾಗಂತ ಮುದ್ದಾದ ಹೆಸರಿನ ‘ಕಪ್ರಿಚೋಸಾ’, ‘ಕ್ವಾತ್ರೊ ಸ್ತಜೋನಿ’ ನಂಬಬೇಡಿ, ಎರಡರಲ್ಲೂ ಹಂದಿಮಾಂಸದ ಹ್ಯಾಮ್ ಇರುತ್ತದೆ. ‘ದಿಯಾವೊಲಾ’ದಲ್ಲಿ ಖಾರದ ಸಲಾಮಿ. ‘ಫ್ರಿಯಾರಿಯೆಲ್ಲಿ’ ಬರೀ ಸೊಪ್ಪು ನಿಜ, ಆದರೆ ನೇಪಲ್ಸ್‌ನಲ್ಲಿ ಅದಕ್ಕೆ ಸಾಸೇಜ್ ಜೋಡಿಯಾಗಿಯೇ ಬರುತ್ತದೆ. ‘ಆಲೀಚಿ’, ‘ಅಚ್ಚೂಗೆ’ ಎರಡೂ ಒಂದೇ ಸಣ್ಣ ಮೀನು. ಆ ಮೀನಿನ ಪಿಜ್ಜಾಗೆ ರೋಮ್‌ನವರು ‘ನಾಪೊಲಿ’ ಅನ್ನುತ್ತಾರೆ, ನೇಪಲ್ಸ್‌ನವರು ‘ರೊಮಾನಾ’ ಅನ್ನುತ್ತಾರೆ. ಒಬ್ಬರ ಮೇಲೊಬ್ಬರು ಹೊರಿಸಿದ್ದಾರೆ, ನೀವು ಎರಡನ್ನೂ ಬಿಡಿ. ಮುಖ್ಯವಾಗಿ ‘ಎಂದೂಯಾ’. ಕ್ಯಾಲಬ್ರಿಯಾ ಪ್ರಾಂತ್ಯದ ಈ ಕೆಂಪು ಮುದ್ದೆ ಥೇಟ್ ನಮ್ಮ ರಂಜಕದಂತೆ ಕಾಣುತ್ತದೆ, ಆದರೆ ಅದು ಹಂದಿಯ ಕೊಬ್ಬು ಮತ್ತು ಮೆಣಸಿನಕಾಯಿ. ಬಣ್ಣಕ್ಕೆ ಮರುಳಾಗಿ ‘ಸ್ವಲ್ಪ ಹಾಕ್ರಿ’ ಅಂದುಬಿಟ್ಟರೆ ಆಯಿತು.

ಧೈರ್ಯವಾಗಿ ಕೇಳಬಹುದಾದವು ‘ಒರ್ತೊಲಾನಾ’ (ಕಾಯಿಪಲ್ಲೆ), ‘ಫುಂಗಿ’ (ಅಣಬೆ), ‘ನೋರ್ಮಾ’ (ಬದನೆಕಾಯಿ), ರೋಮ್‌ನ ‘ಕೋನ್ ಪತಾತೆ’ (ಆಲೂಗಡ್ಡೆ). ಆರ್ಡರ್ ಮಾಡುವಾಗ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ ಎಂದು ಎರಡನ್ನೂ ಹೇಳಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ತಿನ್ನುತ್ತೀರಿ ಎಂದುಕೊಳ್ಳುವವರು ಇದ್ದಾರೆ.

ಇನ್ನೊಂದು ವಿಷಯವಿದೆ, ಇದನ್ನು ಟ್ರಾವೆಲ್ಸ್‌ನವರು ಹೇಳುವುದಿಲ್ಲ. ಚೀಸ್ ಮಾಡಲು ಹಾಲು ಒಡೆಸಬೇಕು. ಪಾರ್ಮಿಜಾನೊ, ಗ್ರಾನಾ ಪದಾನೊ, ಪೆಕೊರೀನೊ ರೊಮಾನೊ, ಬುಫಾಲಾ (ಎಮ್ಮೆ ಹಾಲಿನ) ಮೊಜರೆಲ್ಲಾ ಇವಕ್ಕೆ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಮ್ಮಲ್ಲಿರುವ ಹಸಿರು ಚುಕ್ಕೆಯ ಗುರುತು ಅಲ್ಲಿಲ್ಲ. ಆಕಳ ಹಾಲಿನ ಮೊಜರೆಲ್ಲಾ, ಅಂದರೆ ‘ಫಿಯೋರ್ ದಿ ಲಾತ್ತೆ’, ಕೆಲವು ಕಡೆ ಪ್ರಾಣಿಮೂಲವಲ್ಲದ ರೆನೆಟ್‌ನಿಂದಲೂ ಆಗುತ್ತದೆ. ಅಂಗಡಿಯ ಪೊಟ್ಟಣದ ಮೇಲೆ ‘ಕಾಲ್ಯೊ ಮಿಕ್ರೋಬಿಕೊ’ ಅಥವಾ ‘ಕಾಲ್ಯೊ ವೆಜೆತಾಲೆ’ ಇದ್ದರೆ ನಡೆಯುತ್ತದೆ. ಹೋಟೆಲ್‌ನಲ್ಲಿ ಇದನ್ನು ಖಾತ್ರಿ ಮಾಡಿಕೊಳ್ಳುವುದು ಕಷ್ಟ. ಕಟ್ಟುನಿಟ್ಟು ಇರುವವರಿಗೆ ಮಾರಿನಾರಾವೇ ಗತಿ, ಮತ್ತು ಅದು ಬಡ ಗತಿಯೇನಲ್ಲ. ಬೀದಿಯಲ್ಲಿ ತುಂಡು ಕತ್ತರಿಸಿ ಮಾರುವ ಪಿಜ್ಜಾ, ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ ಇವುಗಳ ಹಿಟ್ಟಿಗೆ ಕೆಲವರು ‘ಸ್ತ್ರುತ್ತೊ’ (ಹಂದಿಕೊಬ್ಬು) ಸೇರಿಸುತ್ತಾರೆ, ಅದನ್ನೂ ಕೇಳಿ. ನೇಪಲ್ಸ್‌ನ ಸಾಂಪ್ರದಾಯಿಕ ಹಿಟ್ಟಿನಲ್ಲಿ ಯಾವ ಕೊಬ್ಬೂ ಇಲ್ಲ.

ಪ್ರಶ್ನೆ: ನೇಪಲ್ಸ್‌ನ ಪಿಜ್ಜಾ ನಡುವೆ ಹಸಿಹಸಿ, ಅಂಚು ಸುಟ್ಟಿರುತ್ತದೆ ಎಂದು ಹೋಗಿ ಬಂದವರು ಹೇಳುತ್ತಾರೆ. ಅದು ಬೆಂದಿರುವುದಿಲ್ಲವೇ? ಗರಿಗರಿಯಾದದ್ದು ಎಲ್ಲಿ ಸಿಗುತ್ತದೆ?
— ಸಪ್ತಾಪುರ, ಧಾರವಾಡ

ಬೆಂದಿರುತ್ತದೆ. ಕಟ್ಟಿಗೆ ಒಲೆಯ ಹಾಸು ಸುಮಾರು 485 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ, ಪಿಜ್ಜಾ ಒಳಗಿರುವುದು 60ರಿಂದ 90 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಹಿಟ್ಟು ಬೇಯುತ್ತದೆ, ಆದರೆ ಟೊಮೆಟೊ ಮತ್ತು ಹಸಿ ಮೊಜರೆಲ್ಲಾದ ನೀರು ಆರಲು ಹೊತ್ತೇ ಸಿಗುವುದಿಲ್ಲ. ಅಂಚಿನ ಕಪ್ಪು ಚುಕ್ಕೆಗಳೂ ಆ ಉರಿಯ ಗುರುತು. ಯುರೋಪಿಯನ್ ಒಕ್ಕೂಟ 2010ರಲ್ಲಿ ನೋಂದಾಯಿಸಿದ ನೇಪಲ್ಸ್ ಪಿಜ್ಜಾದ ನಿಯಮಗಳಲ್ಲಿ ಇದೆಲ್ಲ ಅಳತೆ ಸಮೇತ ಇದೆ: ಅಗಲ 35 ಸೆಂಟಿಮೀಟರ್ ಮೀರಬಾರದು, ಅಂಚು 1ರಿಂದ 2 ಸೆಂಟಿಮೀಟರ್, ನಡುಭಾಗ 4 ಮಿಲಿಮೀಟರ್, ಒಂದು ಉಂಡೆ 180ರಿಂದ 250 ಗ್ರಾಂ. 2017ರಲ್ಲಿ ಅಲ್ಲಿನ ಪಿಜ್ಜಾ ತಟ್ಟುವ ಕಲೆಯನ್ನು ಯುನೆಸ್ಕೊ ಪಟ್ಟಿಗೂ ಸೇರಿಸಿತು.

ಕಡಕ್ ರೊಟ್ಟಿಯ ಬಾಯಿ ನಿಮ್ಮದಾದರೆ ರೋಮ್‌ನಲ್ಲಿ ತಿನ್ನಿ. ಅಲ್ಲಿ ಹಿಟ್ಟಿಗೆ ಎಣ್ಣೆ ಹಾಕಿ, ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಕಡಿಮೆ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸುತ್ತಾರೆ. ‘ತೊಂದಾ ರೊಮಾನಾ’ ಎಂದು ಕೇಳಿ. ಇನ್ನೊಂದು ಬಗೆ ‘ಅಲ್ ತಾಲ್ಯೊ’: ಉದ್ದನೆಯ ತಟ್ಟೆಯಿಂದ ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಮಾರುವುದು. ಇಷ್ಟು ಎಂದು ಕೈಯಲ್ಲಿ ತೋರಿಸಿದರೂ ಸಾಕು. ‘ಊನ್ ಎತ್ತೊ’ ಎಂದರೆ 100 ಗ್ರಾಂ. ಹಸಿದ ಒಬ್ಬರಿಗೆ 300 ಗ್ರಾಂ ಸಾಕಾಗುತ್ತದೆ. ದುಂಡು ಪಿಜ್ಜಾ ಮಾತ್ರ ಇಡಿಯಾಗಿ, ಕತ್ತರಿಸದೆ, ತಲೆಗೊಂದರಂತೆ ಬರುತ್ತದೆ. ಮಂದಿ ಐವರು, ಪಿಜ್ಜಾ ಎರಡು ಎಂದರೆ ಮಾಣಿ ಮುಖ ನೋಡುತ್ತಾನೆ.

ಪ್ರಶ್ನೆ: ಕ್ರಾಫ್ಟ್ ಬಿಯರ್ ಎಂದು ಬರೆದದ್ದೆಲ್ಲ ಕ್ರಾಫ್ಟೇ? ನಿಜವಾದದ್ದನ್ನು ಗುರುತಿಸುವುದು ಹೇಗೆ, ಪಿಜ್ಜಾ ಜೊತೆ ಯಾವುದು ಹೊಂದುತ್ತದೆ?
— ಬೆಟಗೇರಿ, ಗದಗ

ಇಟಲಿಯಲ್ಲಿ ಇದಕ್ಕೆ ಕಾನೂನೇ ಇದೆ. ‘ಕ್ರಾಫ್ಟ್’ ಎಂಬ ಇಂಗ್ಲಿಷ್ ಪದ ಬಿಡಿ, ಲೇಬಲ್ ಮೇಲೆ ‘ಬಿರ್ರಾ ಆರ್ತಿಜನಾಲೆ’ ಹುಡುಕಿ. 2016ರ ಕಾನೂನಿನ ಪ್ರಕಾರ ಆ ಹೆಸರು ಹಾಕಲು ಬ್ರೂವರಿ ಸ್ವತಂತ್ರವಾಗಿರಬೇಕು, ವರ್ಷದ ಉತ್ಪಾದನೆ 2 ಲಕ್ಷ ಹೆಕ್ಟೊಲೀಟರ್, ಅಂದರೆ 2 ಕೋಟಿ ಲೀಟರ್ ಮೀರಬಾರದು, ಬಿಯರನ್ನು ಪಾಶ್ಚರೀಕರಿಸಬಾರದು, ಮೈಕ್ರೊಫಿಲ್ಟರ್, ಅಂದರೆ ಯೀಸ್ಟ್ ಕೂಡ ಉಳಿಯದಂತೆ ಸೋಸುವುದು, ಅದನ್ನೂ ಮಾಡಬಾರದು. ಮಿಲಾನ್ ರೈಲು ನಿಲ್ದಾಣದಿಂದ ಹಿಡಿದು ಹಳ್ಳಿಯ ಬಾರ್‌ವರೆಗೂ ಕಾಣುವ ಪೆರೋನಿ, ಮೊರೆತ್ತಿ, ಇಕ್ನೂಸಾ ಈ ಸಾಲಿಗೆ ಸೇರುವುದಿಲ್ಲ. ಪೆರೋನಿ ಜಪಾನಿನ ಅಸಾಹಿಯದು, ಉಳಿದೆರಡು ಹೈನೆಕೆನ್‌ನವು. ಬಾಯಾರಿಕೆಗೆ ಕೆಟ್ಟವಲ್ಲ, ಆದರೆ ಅಷ್ಟು ದೂರ ಹೋಗಿ ಕುಡಿಯಬೇಕಾದವೂ ಅಲ್ಲ. ಒಂದು ಕಾಲದ ಹೆಸರು ಕೂಡ ಸಾಲದು: ಬಿರ್ರಾ ದೆಲ್ ಬೋರ್ಗೊ ಹೊಸ ಅಲೆಯ ದೊಡ್ಡ ಹೆಸರಾಗಿತ್ತು, 2016ರಲ್ಲಿ ದೊಡ್ಡ ಬಹುರಾಷ್ಟ್ರೀಯ ಬಿಯರ್ ಕಂಪನಿ ಎಬಿ ಇನ್‌ಬೆವ್ ಅದನ್ನು ಕೊಂಡಿತು.

ಈ ಅಲೆ ಶುರುವಾದದ್ದು 1996ರಲ್ಲಿ, ಉತ್ತರದ ಮೂರು ಕಡೆ: ಪಿಯೋತ್ಸೊ ಎಂಬ ಊರಿನ ಬಲಾದಿನ್, ಲುರಾಗೊ ಮರಿನೋನೆಯ ಬಿರ್ರಿಫೀಚೊ ಇತಾಲಿಯಾನೊ, ಮಿಲಾನ್‌ನ ಲಂಬ್ರಾತೆ. ಬಿರ್ರಿಫೀಚೊ ಇತಾಲಿಯಾನೊದ ತೀಪೋಪಿಲ್ಸ್ ಒಂದು ಹೊಸ ಬಗೆಯನ್ನೇ ಹುಟ್ಟುಹಾಕಿತು. ಮಾಮೂಲಿ ಪಿಲ್ಸ್‌ನರ್‌ಗೆ (ತಿಳಿ ಬಂಗಾರ ಬಣ್ಣದ ಹಗುರ ಬಿಯರ್) ಹಾಪ್ಸ್, ಅಂದರೆ ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂ, ಹಾಕುವುದು ಕುದಿಯುವಾಗ. ಇಲ್ಲಿ ಬಿಯರ್ ತಣ್ಣಗೆ ಹುದುಗಿದ ಮೇಲೆ ಇನ್ನೊಮ್ಮೆ ಹಾಕುತ್ತಾರೆ. ಅದರಿಂದ ಕಹಿ ಹೆಚ್ಚದೆ ಹುಲ್ಲು, ಹೂವಿನ ಘಮ ಮಾತ್ರ ಏರುತ್ತದೆ. ಇದನ್ನೇ ಇಂದು ಹೊರದೇಶಗಳಲ್ಲಿ ‘ಇಟಾಲಿಯನ್ ಪಿಲ್ಸ್‌ನರ್’ ಅನ್ನುತ್ತಾರೆ. ಮೊದಲ ದಿನ, ಮೊದಲ ಮಾರ್ಗೆರೀತಾ ಜೊತೆ ಈ ಬಗೆಯದನ್ನೇ ಕೇಳಿ. ಟೊಮೆಟೊದ ಹುಳಿ, ಮೊಜರೆಲ್ಲಾದ ಕೆನೆ ಎರಡನ್ನೂ ಅದು ಬಾಯಿಂದ ತೊಳೆದು ಮುಂದಿನ ತುತ್ತಿಗೆ ದಾರಿ ಮಾಡುತ್ತದೆ.

ಮಾರಿನಾರಾದ ಬಳ್ಳೊಳ್ಳಿ, ಓರೆಗಾನೊಗೆ ಒಣ ರುಚಿಯ, ಅಂದರೆ ಸಿಹಿ ಉಳಿಯದ, ಸೇಸನ್ ಬಗೆಯ ಬಿಯರ್ ಒಪ್ಪುತ್ತದೆ. ನಾಲ್ಕು ಚೀಸ್‌ಗಳ ‘ಕ್ವಾತ್ರೊ ಫೊರ್ಮಾಜ್ಜಿ’ಗೆ ಹಗುರ ಬಿಯರ್ ನೀರಾಗಿಬಿಡುತ್ತದೆ, ಶೇ 8ರ ಆಸುಪಾಸು ಆಲ್ಕೊಹಾಲ್ ಇರುವ ಬೆಲ್ಜಿಯನ್ ಶೈಲಿಯದು ಬೇಕು. ಪಿಜ್ಜಾ ಮುಗಿದ ಮೇಲೆ ದ್ರಾಕ್ಷಿ ರಸ ಸೇರಿಸಿ ಹುದುಗಿಸಿದ ‘ಇಟಾಲಿಯನ್ ಗ್ರೇಪ್ ಏಲ್’ ಒಂದು ಸಣ್ಣ ಗ್ಲಾಸ್ ನೋಡಿ. ವೈನ್ ದೇಶದವರು ಬಿಯರ್‌ಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದು ಅದರಲ್ಲಿದೆ.

ಗದಗಿನವರಿಗೆ ಇನ್ನೊಂದು ನಂಟು. ತಸ್ಕನಿಯ ಗಾರ್ಫಾನ್ಯಾನಾ ಕಣಿವೆಯ ‘ಫಾರ್ರೊ’ಗೆ 1996ರಿಂದ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ, ಅದರಿಂದ ಬಿಯರ್ ಕೂಡ ಮಾಡುತ್ತಾರೆ. ಆ ಫಾರ್ರೊ ಬೇರೇನಲ್ಲ, ನಮ್ಮ ಜವೆಗೋಧಿಯ ಜಾತಿಯೇ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂದು ತಳಿ ಬಿಡುಗಡೆ ಮಾಡಿದ್ದು ಇದರಲ್ಲೇ.

ರೋಮ್‌ನಲ್ಲಿ ಪಿಜ್ಜಾ, ಬಿಯರ್ ಎರಡೂ ಒಂದೇ ಓಣಿಯಲ್ಲಿ ಬೇಕೆಂದರೆ ತ್ರಸ್ತೆವೆರೆ ಬಡಾವಣೆಯ ವೀಯಾ ಬೆನೆದೆತ್ತಾಗೆ ಹೋಗಿ. ಒಂದು ಬದಿ 2001ರಿಂದ ಇರುವ ಪುಟ್ಟ ಪಬ್, ಎದುರಿಗೆ ಪಿಜ್ಜಾ ಮತ್ತು ಬಿಯರ್‌ಗೆ ಹೆಸರಾದ ಬಿರ್ ಆ್ಯಂಡ್ ಫುಡ್. ಪಬ್‌ನ ಹೆಸರು ‘ಮಾ ಕೆ ಸಿಯೇತೆ ವೆನೂತಿ ಆ ಫಾ’. ರೋಮ್‌ನ ಆಡುಮಾತು, ಧಾರವಾಡದ ಮಾತಲ್ಲಿ ಹೇಳಿದರೆ ‘ಏನ್ ಮಾಡಾಕ ಬಂದೀರಿ?’ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ಇಟಲಿಯಲ್ಲಿ ಬಹಳಷ್ಟು ಪಿಜ್ಜೇರಿಯಾಗಳು ಮಧ್ಯಾಹ್ನದ ಮೇಲೆ ಮುಚ್ಚಿ, ಸಂಜೆ 7ಕ್ಕೋ 7.30ಕ್ಕೋ ತೆರೆಯುತ್ತವೆ.

ಕೇಳುವಾಗ ‘ಅಲ್ಲಾ ಸ್ಪೀನಾ’ ಎಂದರೆ ನಲ್ಲಿಯಿಂದ ಹಿಡಿದದ್ದು, ‘ಪಿಕ್ಕೊಲಾ’ ಸುಮಾರು 200 ಮಿಲಿಲೀಟರ್, ‘ಮೇದಿಯಾ’ 400. ನಾಲ್ಕು ಬಗೆ ರುಚಿ ನೋಡುವ ಆಸೆಯಿದ್ದರೆ ಪಿಕ್ಕೊಲಾದಲ್ಲೇ ಇರಿ. ಬಾಟಲಿಯ ಮೇಲೆ ‘ರಿಫೆರ್ಮೆಂತಾತಾ ಇನ್ ಬೊತ್ತೀಲ್ಯಾ’ ಇದ್ದರೆ ಅದು ಬಾಟಲಿಯೊಳಗೇ ಮತ್ತೆ ಹುದುಗಿದ್ದು, ತಳದಲ್ಲಿ ಯೀಸ್ಟ್ ಗಸಿ ಇರುತ್ತದೆ. ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ಸುರಿದು, ಕೊನೆಯ ಒಂದು ಬೆರಳಷ್ಟು ಬಿಡಿ. ‘ದೊಪ್ಪಿಯೊ ಮಾಲ್ತೊ’ ಎಂದರೆ ಮಾಲ್ಟ್ ಎರಡು ಪಟ್ಟು ಎಂದಲ್ಲ. ಹುದುಗುವ ಮೊದಲು ರಸದ ಸಾಂದ್ರತೆ 14.5 ಪ್ಲೇಟೊ ಡಿಗ್ರಿ (ರಸದಲ್ಲಿ ಕರಗಿದ ಸಕ್ಕರೆಯ ಅಳತೆ) ಅಥವಾ ಮೇಲಿತ್ತು ಎಂದಷ್ಟೇ. ಕುಡಿಯುವವರಿಗೆ ಅದರರ್ಥ: ತುಸು ಗಟ್ಟಿ, ಹುಷಾರು.

ಪ್ರಶ್ನೆ: ಖಾರ ಇಲ್ಲದ ಪಿಜ್ಜಾ ನಮಗ ಸಪ್ಪಗ. ಶೇಂಗಾ ಹಿಂಡಿ ಒಯ್ಯಬೇಕೋ, ಅಲ್ಲೇ ಏನರ ಸಿಗ್ತದೋ? ಖಾರಕ್ಕ ಯಾವ ಬಿಯರ್ ಛಲೋ?
— ಬ್ಯಾಡಗಿ

‘ಓಲ್ಯೊ ಪಿಕ್ಕಾಂತೆ’ ಕೇಳಿ, ಮೆಣಸಿನಕಾಯಿ ನೆನೆಸಿದ ಎಣ್ಣೆ ತಂದಿಡುತ್ತಾರೆ. ಆಲಿವ್ ಎಣ್ಣೆಯಲ್ಲಿ ನೆನೆದ ಖಾರ ಮೆಲ್ಲಗೆ ಏರುವಂಥದ್ದು. ಮೊದಲು ನಾಲ್ಕು ಹನಿ ಹಾಕಿ, ಒಂದು ನಿಮಿಷ ತಡೆದು ಮುಂದಿನ ಮಾತು. ಬ್ಯಾಡಗಿಯವರಿಗೆ ಎಚ್ಚರಿಕೆ ಬೇರೆ ಕಾರಣಕ್ಕೆ ಬೇಕು: 2011ರಲ್ಲಿ ಜಿಐ ಪಡೆದ ನಿಮ್ಮ ಕಾಯಿಯ ಹೆಚ್ಚುಗಾರಿಕೆ ಬಣ್ಣ, ಖಾರ ಹಿತಮಿತ. ಕ್ಯಾಲಬ್ರಿಯಾದ ‘ಪೆಪೆರೊಂಚೀನೊ’ ಅದಕ್ಕಿಂತ ಖಾರ. ಹೆಸರಿನ ಉಚ್ಚಾರ ಡೊಣ್ಣಮೆಣಸಿನಕಾಯಿಗೆ ಹತ್ತಿರ ಇದ್ದರೂ ಗುಣ ದೂರ.

ಖಾರಕ್ಕೆ ಐಪಿಎ (ಹಾಪ್ಸ್ ಹೆಚ್ಚಿರುವ ಕಹಿ ಬಿಯರ್) ಬೇಡ. ಹಾಪ್ಸ್‌ನ ಕಹಿ, ಗುಳ್ಳೆಗಳ ಚುರುಕು, ಏರಿದ ಆಲ್ಕೊಹಾಲ್ ಮೂರೂ ಸೇರಿ ಉರಿಯನ್ನು ಹೆಚ್ಚಿಸುತ್ತವೆ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಬಿಯರ್‌ನ ಶೇ 5 ಆಲ್ಕೊಹಾಲ್‌ನಲ್ಲೂ ಸಾಕಷ್ಟು ಕರಗುವುದಿಲ್ಲ. ಗೋಧಿಯ ಬಿಯರ್ ಅಥವಾ ಮಾಲ್ಟ್‌ನ ಸಿಹಿಯಿರುವ ಅಂಬರ್ ಬಗೆ ತಡೆಯುತ್ತದೆ. ನಿಜವಾಗಿ ಉರಿ ಇಳಿಸುವುದು ತಟ್ಟೆಯಲ್ಲಿರುವ ಚೀಸ್. ಶೇಂಗಾ ಹಿಂಡಿ ಒಯ್ಯಿರಿ, ತಪ್ಪಿಲ್ಲ. ಅದನ್ನು ಹೋಟೆಲ್ ರೂಮಿನ ಬ್ರೆಡ್‌ಗೆ ಇಟ್ಟುಕೊಳ್ಳಿ, ಬುಫಾಲಾ ಮೊಜರೆಲ್ಲಾದ ಮೇಲೆ ಉದುರಿಸುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಬಿಲ್‌ನಲ್ಲಿ ‘ಕೊಪೆರ್ತೊ’ ಎಂದು ಬರುತ್ತದಂತೆ. ಅದೇನು? ಟಿಪ್ಸ್ ಎಷ್ಟು?
— ರಾಣೇಬೆನ್ನೂರು

ತಲೆಗಿಷ್ಟು ಎಂದು ಹಾಕುವ ಕೂತ ಬಾಬ್ತು, ಸಾಮಾನ್ಯವಾಗಿ 1ರಿಂದ 3 ಯೂರೊ. ಮೋಸವಲ್ಲ, ಮೆನುವಿನಲ್ಲಿ ಬರೆದಿರುತ್ತದೆ. ಟಿಪ್ಸ್ ಕಡ್ಡಾಯವಲ್ಲ. ನೀರು ಬಾಟಲಿಯಲ್ಲೇ ಬರುತ್ತದೆ: ‘ನತುರಾಲೆ’ ಸಾದಾ, ‘ಫ್ರಿತ್ಸಾಂತೆ’ ಸೋಡಾ. ರೋಮ್‌ನ ಬೀದಿಗಳಲ್ಲಿ ‘ನಸೋನಿ’ ಎಂಬ ಎರಕದ ಕಬ್ಬಿಣದ ನಲ್ಲಿಗಳಿವೆ, ಆ ನೀರು ಕುಡಿಯಲು ಯೋಗ್ಯ, ಪುಕ್ಕಟೆ. ಬಾಟಲಿ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ನಾನು ಕುಡಿಯುವುದಿಲ್ಲ, ಗೆಳೆಯರ ಜೊತೆ ಕೂರಬೇಕು. ಆಲ್ಕೊಹಾಲ್ ಇಲ್ಲದ ಬಿಯರ್ ಸಿಗುತ್ತದೆಯೇ? ಕಾರು ನಾನೇ ಓಡಿಸುವವನು.
— ಹಾವೇರಿ

ಸಿಗುತ್ತದೆ, ಆದರೆ ಇಲ್ಲೂ ಹೆಸರಿನ ಮೋಸ. ‘ಅನಾಲ್ಕೊಲಿಕಾ’ ಎಂದರೆ ಅಲ್ಲಿನ ಕಾನೂನಿನಲ್ಲಿ ಶೇ 1.2ರವರೆಗೆ ಆಲ್ಕೊಹಾಲ್ ಇರಬಹುದು. ಪೂರ್ತಿ ಬೇಡವೆಂದರೆ ಲೇಬಲ್ ಮೇಲೆ ‘0,0’ ನೋಡಿ. ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಬಳಸುತ್ತಾರೆ. ಚಾಲಕರ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೆ ಮತ್ತು 21 ತುಂಬದವರಿಗೆ ಸೊನ್ನೆ. ‘ಕಿನೊತ್ತೊ’ ಎಂಬ ಕಹಿ-ಸಿಹಿ ಕಿತ್ತಳೆಯ ಸೋಡಾ ಕೇಳಿ ನೋಡಿ, ಪಿಜ್ಜಾಗೆ ಅದೇ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಇಟಲಿಯಿಂದ ಬಂದ ಮೇಲೆ ಮನೆಯ ಓಟಿಜಿಯಲ್ಲಿ (ಪುಟ್ಟ ವಿದ್ಯುತ್ ಒಲೆ) ಪಿಜ್ಜಾ ಮೂರು ಸಲ ಮಾಡಿದೆ. ಒಮ್ಮೆ ಬಿಸ್ಕಿಟ್ ಆಯಿತು, ಒಮ್ಮೆ ತಳ ಹಸಿ, ಒಮ್ಮೆ ಹಿಟ್ಟು ಹುಳಿಯಾಗಿ ಹರಿಯಿತು. ಎಲ್ಲಿ ತಪ್ಪಿದೆ?
— ನವನಗರ, ಹುಬ್ಬಳ್ಳಿ

ಮೂರೂ ಬೇರೆ ಬೇರೆ ತಪ್ಪು. ಓಟಿಜಿ 250 ಡಿಗ್ರಿ ದಾಟುವುದಿಲ್ಲ. ಆ ಬಿಸಿಯಲ್ಲಿ ಪಿಜ್ಜಾ ಬೇಯಲು ಹನ್ನೆರಡು ನಿಮಿಷ ಹಿಡಿದರೆ ಹಿಟ್ಟಿನ ನೀರೆಲ್ಲ ಆರಿ ಬಿಸ್ಕಿಟ್ ಆಗುತ್ತದೆ. ತಗಡಿನ ಟ್ರೇ ತಣ್ಣಗಿದ್ದರೆ ಮೇಲೆ ಬೆಂದು ತಳ ಹಸಿ ಉಳಿಯುತ್ತದೆ. ಮೂರನೆಯದು ನಮ್ಮ ಊರಿನ ಬಿಸಿಲಿನ ಕಾಣಿಕೆ: ಇಟಲಿಯ ಲೆಕ್ಕದಂತೆ ಎಂಟು ತಾಸು ಹೊರಗಿಟ್ಟರೆ ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ ಹಿಟ್ಟು ಅರ್ಧ ಹೊತ್ತಿಗೇ ಹದ ದಾಟಿರುತ್ತದೆ. ಉಪಾಯ ಎರಡು, ಫ್ರಿಜ್ ಮತ್ತು ಹಂಚು.

ನಾಲ್ಕು ಪಿಜ್ಜಾಗೆ ಮೈದಾ 500 ಗ್ರಾಂ, ತಣ್ಣೀರು 310 ಗ್ರಾಂ, ಉಪ್ಪು 12 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ. ಎಲ್ಲ ತೂಗಿಯೇ ಹಾಕಿ, ನೀರನ್ನೂ. ಸಕ್ಕರೆ ಬೇಡ, ಹಂಚಿನ ಮೇಲೆ ಅದೇ ಮೊದಲು ಕರಕಲಾಗುತ್ತದೆ. ಮೈದಾ ಪೊಟ್ಟಣದ ಹಿಂದೆ ಪ್ರೋಟೀನ್ 100 ಗ್ರಾಂಗೆ 10–11 ಗ್ರಾಂ ಇರುವುದನ್ನು ಆರಿಸಿ, ಕಡಿಮೆಯಾದರೆ ಎಳೆದಾಗ ಹರಿಯುತ್ತದೆ. ‘ಡಬಲ್ ಝೀರೊ’ ಹಿಟ್ಟೇ ಬೇಕು ಎಂದೇನಿಲ್ಲ, ಆ ಹೆಸರು ಹೇಳುವುದು ಹಿಟ್ಟಿನಿಂದ ಹೊಟ್ಟು ಎಷ್ಟು ತೆಗೆದಿದೆ ಎಂಬುದನ್ನು, ಅದರ ಬಲವನ್ನಲ್ಲ. ಗಿರಣಿಯ ಚಪಾತಿ ಹಿಟ್ಟು ಸಲ್ಲ, ಹೊಟ್ಟಿನ ಚೂರುಗಳು ಎಳೆಯನ್ನು ಕತ್ತರಿಸಿ ಪಿಜ್ಜಾ ಬಿಗಿಯಾಗುತ್ತದೆ. ಜವೆಗೋಧಿ ಹಿಟ್ಟಿನ ರುಚಿ ಬೇಕಾದರೆ 500ರಲ್ಲಿ 100 ಗ್ರಾಂ ಮಾತ್ರ ಬದಲಿಸಿ, ಅದರ ಎಳೆ ದುರ್ಬಲ.

ಹತ್ತು ನಿಮಿಷ ನಾದಿ, ಒಂದು ತಾಸು ಮುಚ್ಚಿಟ್ಟು, ತಲಾ 205 ಗ್ರಾಂನ ನಾಲ್ಕು ಉಂಡೆ ಕಟ್ಟಿ ಎಣ್ಣೆ ಸವರಿದ ಡಬ್ಬಿಗಳಲ್ಲಿ 18ರಿಂದ 24 ತಾಸು ಫ್ರಿಜ್‌ನಲ್ಲಿಡಿ. ಬೇಯಿಸುವ ಮೊದಲು ಚಳಿಗಾಲದಲ್ಲಿ ಎರಡು ತಾಸು, ಬೇಸಿಗೆಯಲ್ಲಿ ಮುಕ್ಕಾಲು ತಾಸು ಹೊರಗೆ. ತಟ್ಟುವಾಗ ಹಿಟ್ಟು ಹಿಂದಕ್ಕೆ ಜಗ್ಗಿದರೆ ಇನ್ನೂ ತಣ್ಣಗಿದೆ ಎಂದರ್ಥ, ಹತ್ತು ನಿಮಿಷ ಬಿಡಿ, ಜಬರದಸ್ತಿ ಬೇಡ. ನಡುವಿನಿಂದ ಹೊರಕ್ಕೆ ಬೆರಳಲ್ಲೇ ಒತ್ತಿ, ಅಂಚನ್ನು ಮುಟ್ಟಬೇಡಿ. ಅಲ್ಲಿನ ಗಾಳಿಯೇ ಉಬ್ಬುವುದು.

ಟೊಮೆಟೊ ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು, ಬೀಜ ಹಿಂಡಿ, ಹಿಚುಕಿ, ಜರಡಿಯಲ್ಲಿ ಅರ್ಧ ತಾಸು ನೀರು ಇಳಿಯಬಿಡಿ. ಒಂದಕ್ಕೆ 60 ಗ್ರಾಂ ಸಾಸ್, 70 ಗ್ರಾಂ ಮೊಜರೆಲ್ಲಾ. ಇದಕ್ಕಿಂತ ಹೆಚ್ಚು ಹಾಕಿದರೆ ನಡು ಕೆಸರಾಗುವುದು ಗ್ಯಾರಂಟಿ.

ಹಂಚು ದಪ್ಪ ಕಬ್ಬಿಣದ್ದು, ಸಮತಟ್ಟಾದದ್ದು, ಪ್ಲಾಸ್ಟಿಕ್ ಹಿಡಿಕೆ ಇಲ್ಲದ್ದು, ಓಟಿಜಿಯಲ್ಲಿ ಹಿಡಿಸುವಂಥದ್ದು ಇರಲಿ. ನಡು ತಗ್ಗಾದ ರೊಟ್ಟಿ ಹಂಚು ನಡೆಯದು, ಸಾಸ್ ಅಲ್ಲಿಗೇ ಹರಿದು ನಿಲ್ಲುತ್ತದೆ. ಓಟಿಜಿಯ ಮೇಲಿನ ರಾಡ್ ಮಾತ್ರ ಹಾಕಿ 250ರಲ್ಲಿ 15 ನಿಮಿಷ ಕಾಯಿಸಿ. ಅದೇ ಹೊತ್ತಿಗೆ ಹಂಚನ್ನು ಗ್ಯಾಸ್ ಮೇಲೆ ಐದು ನಿಮಿಷ ಇಡಿ, ನೀರಿನ ಹನಿ ಬಿದ್ದೊಡನೆ ಗುಂಡಾಗಿ ಓಡಬೇಕು. ಉರಿ ಮಧ್ಯಮಕ್ಕೆ ತಂದು ಹಿಟ್ಟು ಹಾಸಿ, ತಕ್ಷಣ ಸಾಸ್, ಚೀಸ್ ಹರಡಿ. ಎರಡು ನಿಮಿಷಕ್ಕೆ ತಳದಲ್ಲಿ ಕಂದು ಚುಕ್ಕೆ ಬಂದಿರುತ್ತವೆ. ಇಕ್ಕಳದಿಂದ ಹಂಚು ಸಮೇತ ಓಟಿಜಿಯ ಮೇಲಿನ ಹಲಗೆಗೆ. ಮೂರರಿಂದ ಐದು ನಿಮಿಷ ಸಾಕು. ತಳ ಕಪ್ಪಾಗಿ ಮೇಲೆ ಬಿಳಿಚಿದ್ದರೆ ಗ್ಯಾಸ್ ಉರಿ ದೊಡ್ಡದಾಗಿತ್ತು. ಎರಡನೇ ಪಿಜ್ಜಾ ಮೊದಲನೆಯದಕ್ಕಿಂತ ಚೆನ್ನಾಗಿ ಬರುತ್ತದೆ, ಅಷ್ಟೊತ್ತಿಗೆ ಹಂಚು ಪೂರ್ತಿ ಕಾದಿರುತ್ತದೆ.

ಪ್ರಶ್ನೆ: ಬರುವಾಗ ಬಿಯರ್ ಎಷ್ಟು ತರಬಹುದು? ಕೆಡುತ್ತದೆಯೇ?
— ಗೋಕುಲ ರೋಡ್, ಹುಬ್ಬಳ್ಳಿ

ಸುಂಕವಿಲ್ಲದೆ ಒಬ್ಬ ವಯಸ್ಕರಿಗೆ ಮದ್ಯ, ವೈನ್, ಬಿಯರ್ ಎಲ್ಲ ಸೇರಿ 2 ಲೀಟರ್. 330 ಮಿಲಿಲೀಟರ್‌ನ ಆರು ಬಾಟಲಿ 1.98 ಲೀಟರ್ ಆಗುತ್ತದೆ, ಲೆಕ್ಕ ಸರಿಹೋಗುತ್ತದೆ. ಗಾಜು ಸೇರಿ ಸುಮಾರು ಮೂರೂವರೆ ಕಿಲೊ ಭಾರ, ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗ್‌ಗೆ ಹಾಕಬೇಕು. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಾಲುಚೀಲದೊಳಗೆ ತೂರಿಸಿ, ಬಟ್ಟೆಗಳ ನಡುವೆ ಇಡಿ.

ಪಿಲ್ಸ್‌ನರ್, ಐಪಿಎ ತರಬೇಡಿ. ಪಾಶ್ಚರೀಕರಿಸದ ಬಿಯರ್‌ನಲ್ಲಿ ಹಾಪ್ಸ್‌ನ ಘಮ ಬಿಸಿಗೆ ಬಹಳ ಬೇಗ ಹೋಗುತ್ತದೆ, ಹಳತಾದದ್ದು ಒದ್ದೆ ರಟ್ಟಿನ ರುಚಿ ಕೊಡುತ್ತದೆ. ತರುವುದಾದರೆ ಶೇ 8 ದಾಟಿದ ಕಪ್ಪು ಬಗೆಗಳು, ಬಾರ್ಲಿವೈನ್ (ಹೆಸರು ವೈನ್ ಆದರೂ ಗಟ್ಟಿ ಬಿಯರೇ). ಅವು ತಡೆಯುತ್ತವೆ. ಮನೆಗೆ ಬಂದೊಡನೆ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಎರಡು ದಿನ ಗಸಿ ಕೂರಲಿ. ತೆಗೆಯುವ ಮುಂಚೆ ಇಪ್ಪತ್ತು ನಿಮಿಷ ಹೊರಗಿಡಿ. ಮೇ ತಿಂಗಳಾದರೆ ಹತ್ತೇ ನಿಮಿಷ.